ಕರಡಿ ಕಂಡ್ರೆ ಓಡ್ಬೇಡಿ

ಪ್ರಶ್ನೆ: ಅಕ್ಕಾ, ನಾನು ನಮ್ಮನೆಯವ್ರು ಇಬ್ರೂ ಓದೋಕೆ ಅಮೆರಿಕದ ಕೊಲರಾಡೋದಲ್ಲಿರೋ ಬೌಲ್ಡರ್‌ಗೆ ಹೊರಟಿದೀವಿ. ಮನೆ ಬೆಟ್ಟದ ಬುಡದಲ್ಲೇ ಸಿಕ್ಕಿದೆ, ಅಲ್ಲಿ ಕರಡಿ ಬರುತ್ತಂತೆ, ನಿಜಾನಾ? ನೀವಿಬ್ರೂ ಅಲ್ಲೇ ಓದಿದ್ದಲ್ವಾ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ ಕಣಮ್ಮ, ಬರುತ್ತೆ. ನಾವು ಹೋದ ಮೊದಲ್ನೇ ಅಕ್ಟೋಬರ್‌ನಲ್ಲಿ ಇವ್ರು ರಾತ್ರಿ ಲೈಬ್ರರಿಯಿಂದ ಬರ್ತಾ ಕಸದ ಡಬ್ಬಿ ಹತ್ರ ಯಾರೋ ಬಗ್ಗಿದಾರೆ ಅಂದ್ಕೊಂಡ್ರಂತೆ, ತಲೆ ಎತ್ತಿದ್ರೆ ಕರಡಿ! ನಾನು ಕಿಟಕೀಲಿ ನೋಡ್ತಿದ್ದೆ, ಕೈಕಾಲೇ ಆಡ್ಲಿಲ್ಲ. ಇವ್ರು ಓಡ್ಲಿಲ್ಲ, ಮೆಲ್ಲಗೆ ಮಾತಾಡ್ತಾ ಮುಖ ಅದ್ರ ಕಡೇನೇ ಇಟ್ಕೊಂಡು ಹಿಂದಿಂದಕ್ಕೆ ಬಂದ್ರು, ಅದೂ ಮರ ಹತ್ತಿ ಕೂತ್ಬಿಡ್ತು. ಚಳಿಗಾಲದ ನಿದ್ದೆಗೆ ಮುಂಚೆ ಅವು ದಿನಕ್ಕೆ 20,000 ಕ್ಯಾಲೊರಿವರೆಗೂ ತಿಂತವೆ, ಅದಕ್ಕೇ ಊರೊಳಗೆ ಬರೋದು. ತಪ್ಪು ನಮ್ದೇ, ಮಿಕ್ಕಿದ ಅನ್ನ ಸಾರು ಕವರಲ್ಲಿ ಕಟ್ಟಿ ಹೊರಗಿಟ್ಟಿದ್ವಿ. ಹಾಗೆ ರುಚಿ ಹತ್ತಿ ಮನೆಗಳಿಗೇ ನುಗ್ಗೋ ಕರಡೀನ ಕೊನೆಗೆ ಕೊಲ್ಲೋದೂ ಉಂಟು, ನೆನಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ನೀವು ಕರಡಿಗೆ ತೆಗೆಯೋಕಾಗದ ಲಾಕ್ ಇರೋ ಡಬ್ಬೀನೇ ಬಳಸಿ, ಕಾರಲ್ಲಿ ತಿಂಡಿ ಬಿಡ್ಬೇಡಿ.

ಚಿರತೆ ಥರದ ದೊಡ್ಡ ಬೇಟೆಪ್ರಾಣಿ ಪ್ಯೂಮಾನೂ ಇದೆ, ಅದನ್ನ ನಾವು ನೋಡ್ಲಿಲ್ಲ. ಎದುರಾದ್ರೆ ಬೆನ್ನು ತೋರಿಸ್ದೆ ಕೈ ಮೇಲೆತ್ತಿ ದೊಡ್ಡದಾಗಿ ಕಾಣೋ ಹಾಗೆ ನಿಲ್ಲಿ, ಮೈಮೇಲೆ ಬಿದ್ರೆ ಎದುರಿಸಿ ಹೊಡೀರಿ. ಸೆಪ್ಟೆಂಬರ್‌ನಲ್ಲಿ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ಗೆ ಹೋಗಿ ಎಲ್ಕ್ ಅನ್ನೋ ದೊಡ್ಡ ಜಿಂಕೆ ಕೂಗೋದು ಕೇಳಿ, ಆದ್ರೆ 75 ಅಡಿ ದೂರದಿಂದ್ಲೇ, ಅದಕ್ಕಿಂತ ದೊಡ್ಡ ಜಿಂಕೆ ಮೂಸ್ ಆದ್ರೆ 120 ಅಡಿ.