ಅಪ್‌ಗ್ರೇಡ್ ಮುಗಿಯಿತು, ಅಡಿಕೆ ಲೆಕ್ಕ ತೆರೆಯುತ್ತಿಲ್ಲ

ಪ್ರಶ್ನೆ: ಸರ್, ಶಿರಸಿಯ ಒಂದು ಅಡಿಕೆ ವಖಾರಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಂ, ಬಾಡಿಗೆಯ ವರ್ಚುವಲ್ ಸರ್ವರ್ ಮೇಲಿದೆ. ಅದರ ಆಪರೇಟಿಂಗ್ ಸಿಸ್ಟಂ ಉಬುಂಟು 20.04 ಇದ್ದದ್ದನ್ನು 22.04ಕ್ಕೆ ಅಪ್‌ಗ್ರೇಡ್ ಮಾಡಿದೆ. ರೀಬೂಟ್ ಆದ ಮೇಲೆ ‘502 ಬ್ಯಾಡ್ ಗೇಟ್‌ವೇ’ ಬಂತು. ಗೆಳೆಯನೊಬ್ಬ ಏನೋ ಮಾಡಿ ತೆರೆಸಿಕೊಟ್ಟ. ಆಗ ನೋಡಿದರೆ ರೈತರ ಹೆಸರು, ಅಡಿಕೆಯ ಬಗೆ (ರಾಶಿ, ಚಾಲಿ, ಬಿಳೆಗೋಟು) ಎಲ್ಲ ಬರೀ ಪ್ರಶ್ನೆ ಚಿಹ್ನೆ. ಹಾಗೇ ಎರಡು ದಿನ ಬಿಲ್ ಹಾಕಿದ್ದಾರೆ. ಇವತ್ತು ರೀಸ್ಟಾರ್ಟ್ ಮಾಡಿದರೆ ಮತ್ತೆ 502. ಅಪ್‌ಗ್ರೇಡಿಗೆ ಮೊದಲಿನ ಸ್ನ್ಯಾಪ್‌ಶಾಟ್ ಇದೆ. ಅದಕ್ಕೇ ವಾಪಸ್ ಹೋಗಲಾ?

ಉತ್ತರ: ಸದ್ಯಕ್ಕೆ ಬೇಡ. ಸ್ನ್ಯಾಪ್‌ಶಾಟ್ ಇಡೀ ಡಿಸ್ಕನ್ನು ಹಿಂದಕ್ಕೆ ಒಯ್ಯುತ್ತದೆ. ಎರಡು ದಿನದ ಬಿಲ್ಲುಗಳೂ ಅದರ ಜೊತೆ ಹೋಗುತ್ತವೆ. ಮೊದಲು ಈಗ ಇರುವ ಸ್ಥಿತಿಯಲ್ಲೇ ಡೇಟಾಬೇಸಿನ ಡಂಪ್ (ಇಡೀ ಮಾಹಿತಿಯ ನಕಲು ಫೈಲ್) ತೆಗೆದು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ತೆಗೆಯುವಾಗ ಅಕ್ಷರ ಸಂಕೇತ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಯುಟಿಎಫ್8ಎಂಬಿ4 ಎಂದು ಕಮಾಂಡಿನಲ್ಲೇ ಸ್ಪಷ್ಟವಾಗಿ ಕೊಡಿ. ಇನ್ನೊಂದು ಸ್ನ್ಯಾಪ್‌ಶಾಟನ್ನೂ ತೆಗೆದಿಡಿ. ಹಳೆಯದನ್ನು ಅಳಿಸಬೇಡಿ.

ಇದಕ್ಕಿಂತ ಅವಸರದ್ದು ಇನ್ನೊಂದಿದೆ. ವಖಾರಿಯವರಿಗೆ ಈಗಲೇ ಫೋನ್ ಮಾಡಿ. ಸೈಟ್ ಮತ್ತೆ ತೆರೆದರೂ, ಪ್ರಶ್ನೆ ಚಿಹ್ನೆ ಕಾಣುವ ಯಾವ ಖಾತೆಯನ್ನೂ ತೆರೆದು ಸೇವ್ ಒತ್ತಬಾರದು ಅಂತ ಹೇಳಿ. ಯಾಕೆಂದರೆ ಪ್ರಶ್ನೆ ಚಿಹ್ನೆ ಕಂಡ ಮಾತ್ರಕ್ಕೆ ಕನ್ನಡ ಅಳಿಸಿಹೋಗಿದೆ ಅಂತಲ್ಲ. ಹೆಚ್ಚಿನ ಸಲ ಕೋಷ್ಟಕದಲ್ಲಿ ಹೆಸರು ಸರಿಯಾಗೇ ಇರುತ್ತದೆ. ಪ್ರೋಗ್ರಾಂ ಮತ್ತು ಡೇಟಾಬೇಸ್ ನಡುವಿನ ಸಂಪರ್ಕ ಮಾತ್ರ ಲ್ಯಾಟಿನ್1 ಎಂಬ ಹಳೇ ಸಂಕೇತದಲ್ಲಿ ನಡೆಯುತ್ತಿರುತ್ತದೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಡೇಟಾಬೇಸ್ ಒಂದೊಂದು ಬಿಡಿ ಅಕ್ಷರದ ಬದಲು ಒಂದೊಂದು ಪ್ರಶ್ನೆ ಚಿಹ್ನೆ ಕೊಡುತ್ತದೆ. ಆ ಪುಟವನ್ನು ಸೇವ್ ಮಾಡಿದಿರೋ, ಒಳಗಿದ್ದ ಹೆಸರಿನ ಮೇಲೆ ಪ್ರಶ್ನೆ ಚಿಹ್ನೆಯೇ ಕೂರುತ್ತದೆ. ಆಮೇಲೆ ಅದನ್ನು ಯಾರೂ ಹಿಂದಕ್ಕೆ ತರಲಾರರು. ‘ರಾಶಿ’ ಅನ್ನುವಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ನಾಲ್ಕು ಬಿಡಿ ಅಕ್ಷರಗಳು: ರ, ಅದರ ದೀರ್ಘ, ಶ, ಅದರ ಗುಡಿಸು. ‘ಚಾಲಿ’ಯಲ್ಲೂ ನಾಲ್ಕೇ. ಎರಡೂ ನಾಲ್ಕು ಪ್ರಶ್ನೆ ಚಿಹ್ನೆಯಾಗಿ ಕೂತರೆ ಯಾವ ಮೂಟೆ ಯಾವುದು ಅಂತ ಹೇಳುವವರು ಯಾರು? ಹೆಸರು ಕಳೆದುಹೋದ ಖಾತೆಯಲ್ಲಿ ಮುಂಗಡ ಪಡೆದ ರೈತ ಯಾರು ಅಂತ ಹುಡುಕುವುದು ಇನ್ನೂ ಕಷ್ಟ.

ಈಗ 502ಕ್ಕೆ ಬರೋಣ. ಈ ಸಂಖ್ಯೆ ಕಂಡರೆ ಒಂದು ಸಮಾಧಾನ ಪಡಬಹುದು. ಸರ್ವರ್ ಎದ್ದಿದೆ, ನೆಟ್‌ವರ್ಕ್ ಇದೆ, ವೆಬ್ ಸರ್ವರ್ ಎಂಜಿನ್‌ಎಕ್ಸ್ ಕೂಡ ಓಡುತ್ತಿದೆ. ಅದರ ಹಿಂದೆ ಇರಬೇಕಾದ ಪಿಎಚ್‌ಪಿ ಮಾತ್ರ ಉತ್ತರ ಕೊಡುತ್ತಿಲ್ಲ. ಉಬುಂಟು 20.04ರ ಜೊತೆ ಬರುತ್ತಿದ್ದದ್ದು ಪಿಎಚ್‌ಪಿ 7.4. 22.04ರಲ್ಲಿ ಬರುವುದು 8.1. ಎಂಜಿನ್‌ಎಕ್ಸ್‌ನ ಸೈಟ್ ಫೈಲಿನಲ್ಲಿ ಪಿಎಚ್‌ಪಿಯ ಸಾಕೆಟ್ (ಎರಡೂ ಪರಸ್ಪರ ಮಾತಾಡಿಕೊಳ್ಳುವ ಫೈಲ್) ಎಲ್ಲಿದೆ ಎಂದು ಬರೆದಿರುತ್ತದೆ. ಅಲ್ಲಿ ಇನ್ನೂ 7.4ರ ದಾರಿಯೇ ಇದೆ ಅನಿಸುತ್ತದೆ. ಊಹೆ ಮೇಲೆ ತಿದ್ದಬೇಡಿ, ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. 7.4ರ ಸಾಕೆಟ್ ಫೈಲ್ ಸಿಗುತ್ತಿಲ್ಲ ಅಂತ ಬರೆದಿದ್ದರೆ ರೋಗ ಅದೇ. ಪಿಎಚ್‌ಪಿಯನ್ನು ಓಡಿಸುವ ಸೇವೆ ಪಿಎಚ್‌ಪಿ-ಎಫ್‌ಪಿಎಂ 8.1 ಓಡುತ್ತಿದೆಯೇ ನೋಡಿ, ದಾರಿಯನ್ನು 8.1ಕ್ಕೆ ತಿದ್ದಿ, ಎಂಜಿನ್‌ಎಕ್ಸ್ ತನ್ನ ಸೆಟ್ಟಿಂಗನ್ನು ತಾನೇ ಪರೀಕ್ಷಿಸುವ ಕಮಾಂಡ್ ಕೊಟ್ಟು, ಸರಿ ಅಂದ ಮೇಲೆ ರೀಲೋಡ್ ಮಾಡಿ. ನಿಮ್ಮ ಗೆಳೆಯ ಬಹುಶಃ ಹಳೇ ಪಿಎಚ್‌ಪಿಯನ್ನು ಕೈಯಾರೆ ಓಡಿಸಿರಬೇಕು. ಅದಕ್ಕೇ ರೀಸ್ಟಾರ್ಟ್ ಆದ ಕೂಡಲೇ ಅದು ಹೋಯಿತು.

502 ಹೋಗಿ 500 ಬಂದರೆ ಗಾಬರಿಯಾಗಬೇಡಿ, ಒಂದು ಹೆಜ್ಜೆ ಮುಂದೆ ಬಂದಿದ್ದೀರಿ. ಈಗ ಪಿಎಚ್‌ಪಿ ಉತ್ತರ ಕೊಡುತ್ತಿದೆ, ಪ್ರೋಗ್ರಾಂ ಎಡವುತ್ತಿದೆ. ಪಿಎಚ್‌ಪಿ 8.0ರಿಂದ ‘ಈಚ್’, ‘ಕ್ರಿಯೇಟ್ ಫಂಕ್ಷನ್’ ಥರದ ಹಳೇ ಫಂಕ್ಷನ್‌ಗಳು ಇಲ್ಲ. 8.1ರಿಂದ ಇನ್ನೊಂದು ಬದಲಾವಣೆ ಇದೆ, ಹಳೇ ಲೆಕ್ಕದ ಪ್ರೋಗ್ರಾಂಗಳಿಗೆ ಜಾಸ್ತಿ ತೊಂದರೆ ಕೊಡುವುದು ಅದು. ಮೊದಲು ಮೈಎಸ್‌ಕ್ಯುಎಲ್‌ಐ (ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಭಾಗ) ಮೂಲಕ ಕಳಿಸಿದ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆ, ತಪ್ಪಿದರೆ ಸುಮ್ನೆ ‘ಇಲ್ಲ’ ಅಂತ ಉತ್ತರ ಬರುತ್ತಿತ್ತು, ಪ್ರೋಗ್ರಾಂ ಮುಂದೆ ಹೋಗುತ್ತಿತ್ತು. ಈಗ ಅದೇ ಜಾಗದಲ್ಲಿ ಎಕ್ಸೆಪ್ಷನ್ ಬಂದು ಪುಟವೇ ನಿಂತುಹೋಗುತ್ತದೆ. ಎರರ್ ಲಾಗ್ ಫೈಲಿನಲ್ಲಿ ಪ್ರೋಗ್ರಾಂ ಫೈಲಿನ ಹೆಸರು, ಸಾಲಿನ ಸಂಖ್ಯೆ ಸಿಗುತ್ತದೆ. ಆ ಕ್ವೆರಿಯನ್ನೇ ಸರಿಪಡಿಸಿ. ಎರರ್ ಮುಚ್ಚಿಹಾಕುವ ಸೆಟ್ಟಿಂಗ್ ಹುಡುಕಬೇಡಿ, ದುಡ್ಡಿನ ಲೆಕ್ಕದಲ್ಲಿ ಮುಚ್ಚಿದ ತಪ್ಪು ಅಪಾಯ.

ಕನ್ನಡದ ವಿಷಯಕ್ಕೆ ವಾಪಸ್ ಬರುತ್ತೇನೆ. ಹೆಸರಿನ ಕಾಲಂ ಮೇಲೆ, ಒಳಗಿನ ಬೈಟುಗಳನ್ನು ಹಾಗೇ ತೋರಿಸುವ ‘ಹೆಕ್ಸ್’ ಫಂಕ್ಷನ್ ಹಾಕಿ ನಾಲ್ಕೈದು ಸಾಲು ಓದಿ. ಕನ್ನಡದ ಒಂದು ಬಿಡಿ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಅದು ಶುರುವಾಗುವುದು ಇ0 ಬಿ2 ಅಥವಾ ಇ0 ಬಿ3ರಿಂದ. ‘ರಾಶಿ’ಗೆ 12 ಬೈಟ್. ಹಾಗೆ ಕಂಡರೆ ಹೆಸರು ಕ್ಷೇಮವಾಗಿದೆ. 3ಎಫ್ 3ಎಫ್ 3ಎಫ್ 3ಎಫ್ ಅಂತ ಕಂಡರೆ ಪ್ರಶ್ನೆ ಚಿಹ್ನೆಯೇ ಉಳಿದುಹೋಗಿದೆ. ಸಿ3 ಎ0 ಸಿ2 ಬಿ2 ಅಂತ ಶುರುವಾದರೆ ಅಕ್ಷರ ಎರಡು ಸಲ ಸಂಕೇತಕ್ಕೆ ಹೋಗಿದೆ ಎಂದರ್ಥ. ಅದನ್ನು ಬಿಡಿಸಬಹುದು, ಆದರೆ ಡಂಪಿನ ನಕಲಿನ ಮೇಲೆ ಮೊದಲು ಮಾಡಿ ನೋಡಿ.

ಕ್ಷೇಮವಾಗಿದ್ದರೆ ಮದ್ದು ಒಂದೇ ಸಾಲು. ಪ್ರೋಗ್ರಾಂ ಡೇಟಾಬೇಸಿಗೆ ಸೇರಿಕೊಂಡ ಕೂಡಲೇ ಸಂಪರ್ಕದ ಸಂಕೇತ ಯುಟಿಎಫ್8ಎಂಬಿ4 ಎಂದು ಸೆಟ್ ಮಾಡಿ. ಇದನ್ನು ಪ್ರೋಗ್ರಾಂ ಒಳಗೇ ಬರೆಯಿರಿ. ಇಷ್ಟು ವರ್ಷ ಸರ್ವರಿನ ಸೆಟ್ಟಿಂಗ್ ಫೈಲ್ ಆ ಕೆಲಸ ಮಾಡಿಕೊಂಡು ಬಂದಿತ್ತು. ಅಪ್‌ಗ್ರೇಡ್ ನಡುವೆ ‘ನಿಮ್ಮ ಫೈಲ್ ಇಡಬೇಕಾ, ಹೊಸದು ಹಾಕಬೇಕಾ’ ಅಂತ ಕೇಳುತ್ತದಲ್ಲ, ಅಲ್ಲಿ ‘ಹೊಸದು’ ಅಂದಿದ್ದರೆ ಆ ಸೆಟ್ಟಿಂಗ್ ಹೋಗಿರುತ್ತದೆ. ನಿಮ್ಮ ಹಳೇ ಫೈಲ್ ಅಲ್ಲೇ ಪಕ್ಕದಲ್ಲಿ, ಹೆಸರಿನ ಕೊನೆಗೆ ‘ಡಿಪಿಕೆಜಿ-ಓಲ್ಡ್’ ಅಂತ ಸೇರಿಸಿಕೊಂಡು ಇದ್ದೀತು. ಎರಡನ್ನೂ ಹೋಲಿಸಿ ನೋಡಿ. 3ಎಫ್ ಕಂಡ ಸಾಲುಗಳಿಗೆ ಮಾತ್ರ ನಿಮ್ಮ ಹಳೇ ಸ್ನ್ಯಾಪ್‌ಶಾಟ್ ಬೇಕು. ಅದರಿಂದ ಬೇರೆ ಒಂದು ತಾತ್ಕಾಲಿಕ ಸರ್ವರ್ ಎಬ್ಬಿಸಿ, ಖಾತೆ ನಂಬರ್ ಹಿಡಿದು ಹೆಸರುಗಳನ್ನು ತಂದುಕೊಳ್ಳಿ. ಎರಡು ದಿನದ ಬಿಲ್ಲೂ ಉಳಿಯುತ್ತದೆ, ಹಳೇ ಹೆಸರೂ ಬರುತ್ತದೆ. ಎರಡು ದಿನದಲ್ಲಿ ಹೊಸದಾಗಿ ಸೇರಿಸಿದ ಹೆಸರುಗಳಲ್ಲೂ 3ಎಫ್ ಕಂಡರೆ ಅವನ್ನು ಕಾಗದದ ಬಿಲ್ ನೋಡಿಯೇ ಬರೆಯಬೇಕು.

ಸೈಟ್ ತೆರೆದ ಮೇಲೆ ಬಿಲ್ಲಿನ ಸಮಯ ಒಮ್ಮೆ ನೋಡಿ. 7.4ರ ಸೆಟ್ಟಿಂಗ್‌ಗಳು 8.1ಕ್ಕೆ ತಾವಾಗಿ ಬರುವುದಿಲ್ಲ. ಸರ್ವರಿನ ಗಡಿಯಾರ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಇದ್ದರೆ ಬಿಲ್ಲಿನ ಸಮಯ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಫೈಲ್ ಅಪ್‌ಲೋಡ್ ಮಿತಿಯೂ 2 ಎಂಬಿಗೆ ಇಳಿದಿರುತ್ತದೆ, ಮೊಬೈಲಿನಲ್ಲಿ ತೆಗೆದ ತೂಕದ ಚೀಟಿಯ ಫೋಟೋ ಏರುವುದಿಲ್ಲ.

ಪ್ರಶ್ನೆ: ಕಾರವಾರದಿಂದ ಬರೆಯುತ್ತಿದ್ದೇನೆ. ನಾನೂ 22.04ಕ್ಕೆ ಬಂದೆ. ಅಂಗಡಿಯ ಹಳೇ ಲ್ಯಾಪ್‌ಟಾಪಿನಲ್ಲಿ ಸರ್ವರಿಗೆ ಲಾಗಿನ್ ಆಗುವ ‘ಪುಟ್ಟಿ’ ಪ್ರೋಗ್ರಾಂನಿಂದ ಲಾಗಿನ್ ಆಗುತ್ತಿಲ್ಲ, ಕೀ (ಪಾಸ್‌ವರ್ಡ್ ಬದಲು ಬಳಸುವ ಫೈಲ್) ಒಪ್ಪುತ್ತಿಲ್ಲ ಅನ್ನುತ್ತದೆ. ಅದೇ ಕೀ ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತದೆ! ಯಾರಾದರೂ ಒಳಗೆ ನುಗ್ಗಿದ್ದಾರಾ?

ಉತ್ತರ: ಒಂದು ಕಡೆ ಅದೇ ಕೀ ನಡೆಯುತ್ತಿದೆ ಎಂದರೆ ಕೀಯೂ ಸರಿ, ಸರ್ವರೂ ಸರಿ. ತೊಂದರೆ ಹಳೇ ಪುಟ್ಟಿಯದ್ದು. ನಿಮ್ಮದು ಆರ್‌ಎಸ್‌ಎ ಎಂಬ ಬಗೆಯ ಕೀ ಇರಬೇಕು. ಹಳೇ ಪ್ರೋಗ್ರಾಂ ಆ ಕೀಯಿಂದ ಶಾ-1 ಎಂಬ ಹಳೇ ವಿಧಾನದಲ್ಲಿ ಸಹಿ ಹಾಕುತ್ತದೆ. ಶಾ-1 ಈಗ ಭದ್ರವಲ್ಲ, ಹಾಗಾಗಿ ಸರ್ವರಿನ ಲಾಗಿನ್ ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಚ್‌ನ 8.8ನೇ ಆವೃತ್ತಿಯಿಂದ ಆ ಸಹಿಯನ್ನು ಒಪ್ಪುವುದು ನಿಲ್ಲಿಸಿದ್ದಾರೆ. 22.04ರಲ್ಲಿ ಇರುವುದು 8.9. ಸರ್ವರಿನ ಲಾಗಿನ್ ದಾಖಲೆಯಲ್ಲಿ ‘ಕೀ ಟೈಪ್ ಎಸ್‌ಎಸ್‌ಎಚ್-ಆರ್‌ಎಸ್‌ಎ’ ಒಪ್ಪಿತ ಪಟ್ಟಿಯಲ್ಲಿಲ್ಲ ಎಂಬ ಸಾಲು ಸಿಕ್ಕರೆ ಅನುಮಾನವೇ ಬೇಡ. ಪುಟ್ಟಿಯ ಹೊಸ ಆವೃತ್ತಿ ಹಾಕಿಕೊಳ್ಳಿ, ಅದೇ ಕೀ ನಡೆಯುತ್ತದೆ. ಸರ್ವರಿನಲ್ಲಿ ಹಳೇ ಸಹಿಯನ್ನು ಮತ್ತೆ ಒಪ್ಪುವಂತೆ ಮಾಡುವ ಸಲಹೆಯನ್ನೂ ಯಾರಾದರೂ ಕೊಟ್ಟಾರು. ದಯವಿಟ್ಟು ಮಾಡಬೇಡಿ. ಒಂದು ಲ್ಯಾಪ್‌ಟಾಪಿಗಾಗಿ ಇಡೀ ಸರ್ವರಿನ ಬಾಗಿಲು ಸಡಿಲ ಮಾಡಿದಂತಾಗುತ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ನಮ್ಮದು ಹೋಮ್‌ಸ್ಟೇ. ಸರ್ವರ್ ಅಪ್‌ಗ್ರೇಡ್ ಆಗಿ ಎರಡು ತಿಂಗಳ ಮೇಲಾಯಿತು, ಎಲ್ಲ ಚೆನ್ನಾಗಿತ್ತು. ಈಗ ಇದ್ದಕ್ಕಿದ್ದಂತೆ ಬುಕಿಂಗ್ ಪುಟ ತೆರೆದರೆ ‘ಸುರಕ್ಷಿತವಲ್ಲ’ ಅಂತ ಬರುತ್ತಿದೆ. ಅಪ್‌ಗ್ರೇಡಿಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇರುವ ಸಾಧ್ಯತೆ ಬಹಳ. ಸೈಟ್ ಸುರಕ್ಷಿತ ಎಂದು ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ಟಿಫಿಕೇಟ್ ಸಾಮಾನ್ಯವಾಗಿ 90 ದಿನ ಬಾಳುತ್ತದೆ. ಅದನ್ನು ನವೀಕರಿಸುವ ಪ್ರೋಗ್ರಾಂ ಸರ್ಟ್‌ಬಾಟ್ ಅಪ್‌ಗ್ರೇಡಿನಲ್ಲಿ ಕೆಟ್ಟಿದ್ದರೂ ಹಳೇ ಸರ್ಟಿಫಿಕೇಟ್ ಇರುವ ತನಕ ಗೊತ್ತಾಗುವುದಿಲ್ಲ. ಪೈಥಾನ್ ಭಾಷೆಯ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರೋಗ್ರಾಂಗೆಂದೇ ಬೇರೆ ಇಟ್ಟ ಫೋಲ್ಡರ್) ಒಳಗೆ ಸರ್ಟ್‌ಬಾಟ್ ಹಾಕಿದ್ದರೆ, 20.04ರ ಪೈಥಾನ್ 3.8 ಹೋಗಿ 3.10 ಬಂದಾಗ ಅದು ಮುರಿಯುತ್ತದೆ. ತೆಗೆದು ಹೊಸದಾಗಿ ಹಾಕಿ, ನವೀಕರಣದ ‘ಡ್ರೈ ರನ್’, ಅಂದರೆ ಬರೀ ಪರೀಕ್ಷೆ, ಮಾಡಿ ನೋಡಿ. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಇಮೇಲನ್ನು ಲೆಟ್ಸ್ ಎನ್‌ಕ್ರಿಪ್ಟ್‌ನವರು 2025ರ ಜೂನ್‌ನಲ್ಲೇ ನಿಲ್ಲಿಸಿದ್ದಾರೆ. ಫೋನಿನಲ್ಲಿ ನೀವೇ ಜ್ಞಾಪನೆ ಇಟ್ಟುಕೊಳ್ಳಿ.

ಪ್ರಶ್ನೆ: ಕುಮಟಾದಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನನ್ನದು ಇನ್ನೂ 20.04. ಮಳೆಗಾಲ ಮುಗಿಯುವ ತನಕ ಕಾಯಲಾ?

ಉತ್ತರ: ಕಾಯಬೇಡಿ. 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲೇ ಮುಗಿದಿದೆ. ಸರ್ವರ್ ಇರುವುದು ದೂರದ ಡೇಟಾ ಸೆಂಟರಿನಲ್ಲಿ, ಕುಮಟಾದ ಕರೆಂಟ್ ಹೋದರೆ ಅದಕ್ಕೇನೂ ಆಗುವುದಿಲ್ಲ. ನಿಮ್ಮ ಸಂಪರ್ಕ ಕಡಿಯಬಹುದು, ಅಷ್ಟೇ. ಉಬುಂಟುವಿನ ಅಪ್‌ಗ್ರೇಡ್ ಕಮಾಂಡ್, ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ‘ಸ್ಕ್ರೀನ್’ ಎಂಬ ಪ್ರೋಗ್ರಾಂ ಒಳಗೆ ಓಡುತ್ತದೆ. ನೆಟ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ಅದೇ ಕಮಾಂಡ್ ಕೊಟ್ಟರೆ ನಡೆಯುತ್ತಿದ್ದ ಕೆಲಸಕ್ಕೇ ಸೇರಿಕೊಳ್ಳಬಹುದು. ಮಾಮೂಲಿ ದಾರಿ ಕೈಕೊಟ್ಟರೆ ಅಂತ 1022ನೇ ಪೋರ್ಟಿನಲ್ಲಿ ಇನ್ನೊಂದು ಲಾಗಿನ್ ಸೇವೆಯನ್ನೂ ಅದು ತೆರೆದಿಡುತ್ತದೆ. ಆದರೆ ಫೈರ್‌ವಾಲಿನಲ್ಲಿ ಆ ಪೋರ್ಟನ್ನು ನೀವೇ ಬಿಡಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ನೇರ 24.04ಕ್ಕೆ ಹಾರಲು ಬರುವುದಿಲ್ಲ, 22.04 ಹತ್ತಿಯೇ ಹೋಗಬೇಕು. ಶುರು ಮಾಡುವ ಮೊದಲು ಹೋಸ್ಟಿಂಗ್ ಕಂಪನಿಯ ವೆಬ್ ಕನ್ಸೋಲಿಗೆ ಒಮ್ಮೆ ಹೋಗಿ, ರೂಟ್ ಪಾಸ್‌ವರ್ಡ್ ಹಾಕಿ ಒಳಗೆ ಬರಲು ಆಗುತ್ತದೆಯೇ ನೋಡಿಕೊಳ್ಳಿ. ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಸರ್ವರ್ ಆನ್‌ಲೈನ್ ಬರದೇ ಹೋದರೆ ಒಳಗೆ ಹೋಗಲು ಅದೊಂದೇ ದಾರಿ.