ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗುವುದಿಲ್ಲ

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಬೇಟೆಯ ಕಡೆ ತಿರುಗುತ್ತವೆ. ಕಾಡುಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯನಾಗಿ ಬಿಡಿಬಿಡಿಯಾಗಿ ಎಷ್ಟೋ ಸಲ ಉತ್ತರಿಸಿದ್ದೇನೆ. ಆದರೂ ಅದೇ ಪ್ರಶ್ನೆ, ಅದೇ ಧಾಟಿ. ಬೇಟೆ ಅಪರಾಧ ಎಂಬುದನ್ನು ಮತ್ತೆ ಅ ಆ ಇ ಈಯಿಂದ ಹೇಳುವ ತಾಳ್ಮೆ ನನಗಿಲ್ಲ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ.

ಪ್ರಶ್ನೆ: ನಾವು ಉರುಳು ಹಾಕುವುದು ಕಾಡುಹಂದಿಗೆ ಮಾತ್ರ. ಬೆಳೆ ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲ. ಅಪ್ಪಿತಪ್ಪಿ ಚಿರತೆ ಸಿಕ್ಕಿಕೊಂಡರೆ ಅದೂ ನಮ್ಮ ತಪ್ಪೇ?

ಹೌದು, ನಿಮ್ಮದೇ ತಪ್ಪು. ಬೈಕಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಬೇಲಿಯ ಕಂಡಿಯಲ್ಲಿ ಕಟ್ಟುತ್ತೀರಿ. ಆ ಕಂಡಿಯಲ್ಲಿ ಹಂದಿ ಮಾತ್ರ ನುಸುಳುವುದಿಲ್ಲ. ಹಂದಿಯ ಮರಿ ಹಿಡಿಯಲು ಬರುವ ಚಿರತೆ, ಕರಡಿ, ಕಾಡುಕುರಿ, ಮುಳ್ಳುಹಂದಿ, ನಿಮ್ಮ ಮನೆಯ ನಾಯಿ, ಎಲ್ಲಕ್ಕೂ ಅದೇ ದಾರಿ. ರಾತ್ರಿ ಅಲ್ಲಿ ಯಾವುದು ಮೊದಲು ಬರುತ್ತದೋ ಅದು ಬೀಳುತ್ತದೆ.

ಬಿದ್ದ ಮೇಲೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಚಿರತೆಯ ತಲೆ, ಭುಜ ಕುಣಿಕೆಯಲ್ಲಿ ದಾಟಿಬಿಟ್ಟರೆ ವೈರು ಸೊಂಟದ ಮುಂದೆ, ಹೊಟ್ಟೆಯ ಸುತ್ತ ಬಿಗಿಯುತ್ತದೆ. ಬಿಡಿಸಿಕೊಳ್ಳಲು ಎಳೆದಷ್ಟೂ ಬಿಗಿ. ಚರ್ಮ ಹರಿಯುವ ಮೊದಲೇ ಒಳಗೆ ಕರುಳಿಗೆ ರಕ್ತ ನಿಂತಿರಬಹುದು. ಕುತ್ತಿಗೆಗೆ ಬಿದ್ದರೆ ಉಸಿರು ಕಟ್ಟುತ್ತದೆ. ಕಾಲಿಗೆ ಬಿದ್ದರೆ ಪಾದ ಊದಿ, ಕೊಳೆಯುತ್ತದೆ. ಆನೆಮರಿಯ ಸೊಂಡಿಲಿಗೆ ಬಿದ್ದರೆ ತುದಿಯೇ ತುಂಡಾಗುತ್ತದೆ, ಆಮೇಲೆ ಅದು ಜೀವಮಾನವಿಡೀ ಮೇವು ಹಿಡಿಯಲು ಒದ್ದಾಡಬೇಕು.

ಅರಿವಳಿಕೆ ಕೊಟ್ಟು ವೈರು ಕತ್ತರಿಸಿದರೆ ಮುಗಿಯಿತಲ್ಲ ಎನ್ನುವವರಿಗೆ ಒಂದು ಮಾತು. ಗಂಟೆಗಟ್ಟಲೆ ಭಯದಲ್ಲಿ ಎಳೆದಾಡಿದ ಪ್ರಾಣಿಯ ಸ್ನಾಯುಗಳು ಒಡೆಯುತ್ತವೆ. ಅದರಿಂದ ಹೊರಬಂದ ವಸ್ತುಗಳು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವುದೂ ಉಂಟು. ಹೊರಗೆ ಗಾಯವೇ ಕಾಣದ ಚಿರತೆ ಎದ್ದು ನಡೆದು, ನಾಲ್ಕು ದಿನ ಬಿಟ್ಟು ಸಾಯಬಹುದು. ‘ಇವತ್ತೇ ಕಾಡಿಗೆ ಬಿಡಿ’ ಎಂದು ಊರವರು ಒತ್ತಾಯಿಸಿದಾಗ ನಾನು ಒಪ್ಪದಿರುವುದು ಇದಕ್ಕೇ. ಮೂತ್ರದ ಬಣ್ಣ ನೋಡದೆ, ರಕ್ತಪರೀಕ್ಷೆ ಮಾಡದೆ ನಾನು ಬಿಡುವುದಿಲ್ಲ. ಅತಿ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ, ಅನ್ನಲಿ.

ಇನ್ನು ನೆರೆಯುವ ಜನ. ಚಿರತೆ ಸಿಕ್ಕಿದೆ ಎಂದರೆ ಅರ್ಧ ಗಂಟೆಯಲ್ಲಿ ಸುತ್ತಲಿನ ಹಳ್ಳಿಗಳೆಲ್ಲ ಮೊಬೈಲ್ ಹಿಡಿದು ನಿಂತಿರುತ್ತವೆ. ಕೂಗಾಟಕ್ಕೆ ಪ್ರಾಣಿ ಮತ್ತೆ ಮತ್ತೆ ನೆಗೆಯುತ್ತದೆ, ಪ್ರತಿ ನೆಗೆತಕ್ಕೂ ವೈರು ಒಳಗಿಳಿಯುತ್ತದೆ, ಇಲ್ಲವೇ ಪ್ರಾಣಿ ಅದನ್ನು ಕಿತ್ತುಕೊಂಡು ಬಂದು ಎದುರಿಗಿದ್ದವರ ಮೇಲೆ ಎರಗುತ್ತದೆ. ಉದ್ರೇಕಗೊಂಡ ಪ್ರಾಣಿಗೆ ಅರಿವಳಿಕೆ ಹತ್ತುವುದು ತಡ. ಹತ್ತಲಿಲ್ಲವೆಂದು ಮತ್ತೊಂದು ಡೋಸ್ ಹಾಕಿದರೆ ಉಸಿರೇ ನಿಲ್ಲುವ ಅಪಾಯ. ಮೊದಲು ಬೇಕಾದದ್ದು ಮೌನ. ಆಮೇಲೆ ನೆರಳು. ನೀವು ಮಾಡಬಹುದಾದ ಸಹಾಯ ಇಷ್ಟೇ: ಅರಣ್ಯ ಇಲಾಖೆಗೆ ಕರೆ ಮಾಡಿ, ದೂರ ಹೋಗಿ, ಬೇರೆಯವರನ್ನೂ ದೂರ ಕಳಿಸಿ.

ಬೆಳೆಯ ಮಾತಿಗೆ ಬರೋಣ. ಹಂದಿಯ ಕಾಟ ಸುಳ್ಳೆಂದು ನಾನೆಂದೂ ಹೇಳಿಲ್ಲ. ಒಂದೇ ರಾತ್ರಿಯಲ್ಲಿ ಕಡಲೆಕಾಯಿ ಹೊಲವನ್ನು ಉತ್ತು ಹಾಕಿದಂತೆ ಮಾಡಿ ಹೋದುದನ್ನು ನೋಡಿದ್ದೇನೆ, ಆ ರೈತನ ಸಿಟ್ಟು ನ್ಯಾಯವಾದದ್ದು. ಆದರೆ ಉರುಳಿನಿಂದ ಹಂದಿ ಕಡಿಮೆಯಾಗುವುದಿಲ್ಲ. ಹೆಣ್ಣುಹಂದಿ ಗರ್ಭ ಧರಿಸಿದ ನಾಲ್ಕು ತಿಂಗಳಿಗೇ ಈಯುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಕಾಡಂಚಿನವರೆಗೂ ಕಬ್ಬು, ಜೋಳ ಇರುವಾಗ ಅಡಗಲು ಜಾಗ, ತಿನ್ನಲು ಕಾಳು ಎರಡೂ ಸಿಕ್ಕಿ ಆ ಮರಿಗಳು ಬದುಕುತ್ತವೆ. ಅವನ್ನು ತಿಂದು ಕಡಿಮೆ ಮಾಡುತ್ತಿದ್ದದ್ದು ಚಿರತೆ. ಅದನ್ನೇ ನೀವು ವೈರಿಗೆ ಕೊಟ್ಟಿರಿ.

ಇನ್ನೊಂದನ್ನು ಬಾಯಿಬಿಟ್ಟೇ ಹೇಳುತ್ತೇನೆ. ಕೊಯ್ಲು ಮುಗಿದ ಹೊಲದ ಬೇಲಿಯಲ್ಲೂ ಉರುಳು ಕಂಡಿದ್ದೇನೆ. ಅಲ್ಲಿ ಕಾಯಲು ಯಾವ ಬೆಳೆ ಇತ್ತು? ಅದು ಮಾಂಸದ ವ್ಯಾಪಾರ. ಅದಕ್ಕೆ ರೈತನ ಕಷ್ಟದ ಹೆಸರು ಹೇಳಬೇಡಿ. ನಿಜವಾಗಿ ಬೆಳೆ ಕಳೆದುಕೊಂಡವನಿಗೆ ಅದರಿಂದ ಅನ್ಯಾಯ.

ಕೆಲಸ ಮಾಡುವುದು ಬೇಲಿ, ಅದೂ ನೋಡಿಕೊಂಡ ಬೇಲಿ. ಸೋಲಾರ್ ಬೇಲಿಯ ಕೆಳಗಿನ ತಂತಿ ಹಂದಿಯ ಮೂತಿಯ ಎತ್ತರಕ್ಕಿರಬೇಕು. ಹುಲ್ಲು ತಾಗಿದರೆ ಕರೆಂಟು ನೆಲಕ್ಕಿಳಿದು ಬೇಲಿ ಸತ್ತಂತೆ, ಆದ್ದರಿಂದ ವಾರವಾರ ಸವರಬೇಕು. ಹೊಲದಂಚಿನ ಲಂಟಾನ ಪೊದೆ ತೆಗೆಯಿರಿ, ಹಂದಿ ಹಗಲು ಮಲಗುವುದು ಅಲ್ಲೇ. ಅಕ್ಕಪಕ್ಕದ ಹೊಲದವರು ಸೇರಿ ಒಂದೇ ಬೇಲಿ ಹಾಕಿದರೆ ಖರ್ಚೂ ಕಡಿಮೆ, ಕಂಡಿಯೂ ಕಡಿಮೆ. ಹಾನಿಯಾದರೆ ಫೋಟೊ ತೆಗೆದು ಬೇಗ ಪರಿಹಾರಕ್ಕೆ ಅರ್ಜಿ ಹಾಕಿ. ಆ ಹಣ ಕಡಿಮೆ, ಬರುವುದು ತಡ ಎಂಬ ನಿಮ್ಮ ದೂರನ್ನು ನಾನೂ ಒಪ್ಪುತ್ತೇನೆ. ಅದರ ಸಿಟ್ಟನ್ನು ಕಚೇರಿಯಲ್ಲಿ ತೋರಿಸಿ.

ಕಾನೂನಿನಲ್ಲೂ ದಾರಿ ಇದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಷೆಡ್ಯೂಲಿನಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ 11ನೇ ಕಲಮಿನಡಿ ಕಾರಣ ಬರೆದು ಕೊಲ್ಲಲು ಅನುಮತಿಸಬಹುದು. ನನ್ನನ್ನು ಕೇಳಿದರೆ, ನುರಿತವನು ಗುರಿಯಿಟ್ಟು ಹೊಡೆದ ಗುಂಡಿಗೆ ಒಂದು ಹಂದಿ ತಕ್ಷಣ ಸಾಯುವುದು ಉರುಳಿಗಿಂತ ಎಷ್ಟೋ ಮೇಲು. ಇದನ್ನು ಹೇಳಿದ್ದಕ್ಕೆ ಪ್ರಾಣಿಪ್ರಿಯರಿಂದ ಬೈಸಿಕೊಂಡಿದ್ದೇನೆ, ಆದರೂ ಹೇಳುತ್ತೇನೆ. ಆದೇಶ ಕೈಗೆ ಬರುವ ಮುನ್ನ ಕೊಂದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಚಿರತೆ 1ನೇ ಷೆಡ್ಯೂಲ್, ಅತಿ ಹೆಚ್ಚು ರಕ್ಷಣೆಯ ಪಟ್ಟಿ. ಅದಕ್ಕೆ ಕನಿಷ್ಠವೇ 3 ವರ್ಷ, ಗರಿಷ್ಠ 7. ‘ಹಂದಿಗೆ ಹಾಕಿದ್ದೆ’ ಎಂಬ ಮಾತು ಅಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ. ಉರುಳು ಹಾಕುವುದು, ಹಾಕಲು ಯತ್ನಿಸುವುದು ಎರಡನ್ನೂ ಕಾಯ್ದೆ ಬೇಟೆ ಎಂದೇ ಹೇಳುತ್ತದೆ.

ಪ್ರಶ್ನೆ: ಉರುಳು ಬೇಡ ಎಂದರೆ ಮನೆಯ ಕರೆಂಟನ್ನೇ ಬೇಲಿಗೆ ಕೊಡಬಹುದೇ? ಸೋಲಾರ್ ದುಬಾರಿ.

ಖಂಡಿತ ಬೇಡ. ಸೋಲಾರ್ ಬೇಲಿಯದು ಕ್ಷಣಮಾತ್ರದ ಹೊಡೆತ, ನಡುವೆ ಬಿಡುವಿರುವುದರಿಂದ ಪ್ರಾಣಿ ಹಿಂದೆ ಸರಿಯುತ್ತದೆ. ಮನೆಯ ಲೈನು ಬಿಡುವುದಿಲ್ಲ. ಆನೆ ಸಾಯುತ್ತದೆ, ನಸುಕಿನಲ್ಲಿ ನೀರು ಕಟ್ಟಲು ಹೋದ ನಿಮ್ಮ ಮಗನೂ ಸಾಯುತ್ತಾನೆ.

ಪ್ರಶ್ನೆ: ಹಂದಿ ಕಚ್ಚಿದರೆ ಸಿಡಿಯುವ ಮದ್ದಿನ ಉಂಡೆ ಇಡಬಹುದೇ?

ಹಸುವಿನ ದವಡೆ ಛಿದ್ರವಾದದ್ದನ್ನು ಒಮ್ಮೆ ನೋಡಿ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಸಿಡಿದ ಗರ್ಭಿಣಿ ಆನೆ ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದೂ ಇಂಥ ಮದ್ದಿಗೇ.

ಪ್ರಶ್ನೆ: ಆಫ್ರಿಕಾದಲ್ಲಿ ಹಣ ಪಡೆದು ಬೇಟೆಗೆ ಬಿಡುತ್ತಾರೆ, ಪ್ರಾಣಿಗಳೂ ಉಳಿದಿವೆ. ನಮ್ಮ ಮಹಾರಾಜರೂ ಬೇಟೆಗಾರರೇ. ಇಲ್ಲೇಕೆ ಬೇಡ?

ನಮೀಬಿಯಾದಲ್ಲಿ 1996ರ ಕಾನೂನು ಹಳ್ಳಿಯ ಸಮುದಾಯಗಳಿಗೆ ಪ್ರಾಣಿಗಳ ಮೇಲೆ ಹಕ್ಕು ಕೊಟ್ಟಿತು, ಹಣ ಊರಿಗೆ ಬಂತು. ಪಾಕಿಸ್ತಾನದಲ್ಲೂ ಮಾರ್ಖೋರ್ ಎಂಬ ಕಾಡುಮೇಕೆ ಚೇತರಿಸಿಕೊಂಡದ್ದರಲ್ಲಿ ಇಂಥ ಸಮುದಾಯ ಬೇಟೆಗೆ ಪಾಲಿದೆ. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಎಣಿಕೆ ಇದೆ, ಮಿತಿ ಇದೆ, ಹಣ ಯಾರಿಗೆಂಬ ಲೆಕ್ಕವಿದೆ. ನಮ್ಮಲ್ಲಿ ಪ್ರಶ್ನೆ ಕೇಳುವವರಿಗೆ ಬೇಕಾದದ್ದು ಇದ್ಯಾವುದೂ ಅಲ್ಲ, ಕೋವಿ ಮಾತ್ರ. ಮಹಾರಾಜರ ಬೇಟೆಯ ಕಾಡು ಮುಂದೆ ಬಂಡೀಪುರವಾಗಿ ಉಳಿಯಿತು, ನಿಜ. 1947ರಲ್ಲಿ ಭಾರತದ ಕೊನೆಯವೆನ್ನಲಾದ ಮೂರು ಚೀತಾಗಳನ್ನು ಹೊಡೆದದ್ದೂ ಒಬ್ಬ ಮಹಾರಾಜರೇ, ಈಗಿನ ಛತ್ತೀಸ್‌ಗಢದಲ್ಲಿದ್ದ ಕೊರಿಯಾ ಸಂಸ್ಥಾನದವರು.

ಪ್ರಶ್ನೆ: ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಶಿಕಾರಿಗೂ ಇದೆಯೇ?

ಇಲ್ಲ.

ಪ್ರಶ್ನೆ: ಬೆನ್ನುನೋವಿಗೆ ಉಡದ ಎಣ್ಣೆ, ದಮ್ಮಿಗೆ ಮುಳ್ಳುಹಂದಿಯ ಮಾಂಸ ಒಳ್ಳೆಯದಂತೆ. ನಮ್ಮೂರಿನ ವೈದ್ಯರೇ ಹೇಳಿದರು.

ಆ ಮನುಷ್ಯ ವೈದ್ಯನಲ್ಲ. ಉಡದ ಕೊಬ್ಬು ಕೊಬ್ಬೇ, ಮುಳ್ಳುಹಂದಿಯ ಮಾಂಸ ಮಾಂಸವೇ, ಔಷಧಿ ಎಂದು ಮಾರುವ ಚಿಪ್ಪುಹಂದಿಯ ಚಿಪ್ಪೂ ನಿಮ್ಮ ಉಗುರಿನ ವಸ್ತುವೇ. ದಮ್ಮಿನ ರೋಗಿ ಇನ್‌ಹೇಲರ್ ಬಿಟ್ಟು ಇದಕ್ಕೆ ಕಾಯುತ್ತಾ ಕುಳಿತರೆ ಜೀವಕ್ಕೇ ಅಪಾಯ. ಉಡ, ಚಿಪ್ಪುಹಂದಿ ಎರಡೂ 1ನೇ ಷೆಡ್ಯೂಲ್. ಅಂಥ ಎಣ್ಣೆಯ ಬಾಟಲಿ ಮನೆಯಲ್ಲಿ ಸಿಕ್ಕರೂ ಕೇಸು ನಿಮ್ಮ ಮೇಲೆ.

ಪ್ರಶ್ನೆ: ತೋಟಕ್ಕೆ ಹೋಗುವಾಗ ಖಾಲಿ ಉರುಳು ಕಂಡೆ. ನಾನೇ ಕಿತ್ತು ಹಾಕಲೇ?

ಒಬ್ಬರೇ ಇದ್ದರೆ ಬೇಡ, ಹಾಕಿದವನು ಹತ್ತಿರದಲ್ಲೇ ಇರಬಹುದು. ಫೋಟೊ ತೆಗೆದು, ಜಾಗದ ಗುರುತು ಇಟ್ಟುಕೊಂಡು, ಅಂದೇ ಅರಣ್ಯ ಗಸ್ತು ಪಾಲಕರಿಗೆ ತಿಳಿಸಿ. ಒಂದು ಸಿಕ್ಕ ಕಡೆ ಇನ್ನೂ ಇರುತ್ತವೆ, ಬೇಲಿಯ ಉದ್ದಕ್ಕೂ ಹುಡುಕಿಸಿ.