ಓಡಿಹೋದ ದೊರೆಗಳನ್ನು ನೋಡಿ ನಗಬಾರದೇ?

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಕ್ರಾಂತಿಕಾಲದ ಕೆಲವು ವ್ಯಂಗ್ಯಚಿತ್ರಗಳನ್ನು ಹಾಕಿದ್ದೆವು. ಅವನ್ನು ನೋಡಿ ಶಿವಮೊಗ್ಗದ ಇತಿಹಾಸ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಮನೆಮಠ ಬಿಟ್ಟು ಜೀವ ಉಳಿಸಿಕೊಳ್ಳಲು ಓಡಿದವರನ್ನು ಹಂಗಿಸುವುದು ಎಂಥ ಹಾಸ್ಯ? ಬಿದ್ದವರಿಗೆ ಇನ್ನೊಂದು ಒದ್ದ ಹಾಗಲ್ಲವೇ?”

ಮೇಷ್ಟ್ರೇ, ನಿಮ್ಮ ಕರುಣೆಗೆ ನಮಸ್ಕಾರ. ಆಗ ದೇಶ ಬಿಟ್ಟವರು ಒಂದು ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಹೆಚ್ಚಿನವರು ಶ್ರೀಮಂತರೇ ಅಲ್ಲ. ಪಾದ್ರಿಗಳಿದ್ದರು, ರೈತರಿದ್ದರು, ಕೈಕಸುಬಿನವರಿದ್ದರು. ತಿರುಗಿ ಬಂದರೆ ಸಾವು ಎಂದು 1793ರ ಕಾನೂನು ಹೇಳಿತು. ಅದು ಕ್ರೂರ, ಒಪ್ಪಿದೆ.

ಆದರೆ ನಾವು ಹಾಕಿದ್ದು 1791–92ರ ಚಿತ್ರಗಳು. ಆ ಬಡಪಾಯಿಗಳು ಅವುಗಳಲ್ಲಿ ಇಲ್ಲವೇ ಇಲ್ಲ. ಇರುವವರು ಯಾರು? ಜರ್ಮನಿಯ ಕೊಬ್ಲೆನ್ಜ್‌ನಲ್ಲಿ ಆಸ್ಥಾನ ಕಟ್ಟಿಕೊಂಡು ಕೂತ ರಾಜನ ತಮ್ಮಂದಿರು. ರೈನ್ ನದಿಯ ದಡದಲ್ಲಿ ದಂಡು ಕೂಡಿಸುತ್ತಿದ್ದ ರಾಜನ ಬಳಗದವನೇ ಆದ ಕೋಂಡೆಯ ರಾಜಕುಮಾರ. ಇವರನ್ನು ಬಿದ್ದವರು ಅನ್ನಲಾದೀತೇ? ಪರದೇಶದ ಸೈನ್ಯ ತಂದು ತಮ್ಮ ಜನರ ಮೇಲೇ ಬೀಳಲು ಹೊಂಚು ಹಾಕಿದವರು ಇವರು. ರಾಜನ ಕೂದಲು ಕೊಂಕಿದರೂ ಪ್ಯಾರಿಸ್ಸನ್ನು ನೆಲಸಮ ಮಾಡುತ್ತೇವೆಂದು 1792ರ ಜುಲೈನಲ್ಲಿ ಆ ಸೈನ್ಯದ ಸೇನಾಪತಿ ಬ್ರುನ್ಸ್‌ವಿಕ್ ಡ್ಯೂಕನ ಹೆಸರಲ್ಲಿ ಬೆದರಿಕೆ ಬಂತಲ್ಲ, ಅದನ್ನು ಬರೆಯುವುದರಲ್ಲೂ ಇವರ ಕಡೆಯವರ ಕೈಯಿತ್ತು.

ಈಗ ಆ ಚಿತ್ರ ಇನ್ನೊಮ್ಮೆ ನೋಡಿ. ಕೋಂಡೆ ಗಂಭೀರವಾಗಿ ತನ್ನ ‘ಮಹಾಸೈನ್ಯ’ವನ್ನು ಪರಿಶೀಲಿಸುತ್ತಿದ್ದಾನೆ. ಸೈನ್ಯ ಬರುತ್ತಿರುವುದು ಪೆಟ್ಟಿಗೆಯಿಂದ. ಎಲ್ಲರೂ ಆಟಿಕೆ ಸಿಪಾಯಿಗಳು! ಇನ್ನೊಂದರಲ್ಲಿ ಕುಡುಕ ಮಿರಾಬೋನ ದೇಹವೇ ಒಂದು ಹೆಂಡದ ಪೀಪಾಯಿ. ಇವನು ಕ್ರಾಂತಿಯ ದೊಡ್ಡ ಭಾಷಣಕಾರ ಮಿರಾಬೋನ ಒಡಹುಟ್ಟಿದ ತಮ್ಮ; ರೈನ್ ಆಚೆ ತನ್ನದೇ ಪಡೆ ಕಟ್ಟಿದ್ದ. ನಾಳೆ ಬಂದು ಊರು ಸುಡುತ್ತಾರಂತೆ ಅಂತ ನಡುಗುತ್ತಿದ್ದ ಪ್ಯಾರಿಸ್ಸಿನ ಮಂದಿ ಅಂಗಡಿಯ ಕಿಟಕಿಯಲ್ಲಿ ಇದನ್ನು ನೋಡಿ ನಕ್ಕರು. ಆ ನಗುವಿನಿಂದ ಅವರಿಗೆ ಎಷ್ಟು ಧೈರ್ಯ ಬಂದಿರಬೇಕು, ಯೋಚಿಸಿ.

ಇದರ ಬಲ ಚೆನ್ನಾಗಿ ಅರಿತಿದ್ದವನು ರಾಜನ ಕಡೆಯ ಪತ್ರಕರ್ತ ಬ್ವಾಯೇ-ಬ್ರೂನ್. ತನ್ನ ಶತ್ರುಗಳಾದ ಕ್ರಾಂತಿಕಾರಿಗಳ ಚಿತ್ರಗಳನ್ನೇ ಕೂಡಿಸಿ 1792ರಲ್ಲಿ ಅವುಗಳ ಮೇಲೊಂದು ಪುಸ್ತಕ ಬರೆದ. ವ್ಯಂಗ್ಯಚಿತ್ರ ಜನಾಭಿಪ್ರಾಯದ ಥರ್ಮಾಮೀಟರ್ ಎಂದ. 1794ರಲ್ಲಿ ಅವನ ತಲೆ ಹೋಯಿತು. ಅದು ಅನ್ಯಾಯವೇ. ಆದರೆ ಚಿತ್ರ ಓದುವುದನ್ನು ಅವನಿಂದಲೇ ಕಲಿಯಬೇಕು.

ನಮಗೆ ಆ ಓದೇ ಬೇಡವಾಗಿದೆ. ಅದೇ 1791ರ ಕೊನೆಗೆ ಲಂಡನ್ನಿನ ವ್ಯಂಗ್ಯಚಿತ್ರಕಾರ ಗಿಲ್ರೇ, ಶ್ರೀರಂಗಪಟ್ಟಣದಿಂದ ಹಿಂದೆ ಸರಿದ ಕಾರ್ನ್‌ವಾಲಿಸ್‌ನನ್ನು ಗೇಲಿ ಮಾಡಿ ಚಿತ್ರ ಬರೆದ. ತನ್ನ ದೇಶದ ಸೇನಾಪತಿಯನ್ನೇ! ನಮ್ಮ ಟಿಪ್ಪುವೂ ಅದರಲ್ಲಿದ್ದಾನೆ. ನಮ್ಮ ಮಕ್ಕಳಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೆ? ಬಾಸ್ಟೀಲ್ ಬಿದ್ದ ತಾರೀಕು ಬಾಯಿಪಾಠ ಮಾಡಿಸಿ ಕಳಿಸುತ್ತೇವೆ. ಪತ್ರಿಕೆಗಳೂ ಕಡಿಮೆಯೇನಲ್ಲ. ವ್ಯಂಗ್ಯಚಿತ್ರವನ್ನು ಅಂಚೆಚೀಟಿಯಷ್ಟು ಮಾಡಿ ಮೂಲೆಗೆ ತಳ್ಳಿದ್ದೇವೆ, ಜಾಹೀರಾತು ಬಂದರೆ ಅದೂ ಇಲ್ಲ.

ಮೇಷ್ಟ್ರೇ, ಕೋಂಡೆ, ಮಿರಾಬೋರ ಆ ಎರಡು ಚಿತ್ರಗಳನ್ನೂ ದೊಡ್ಡದಾಗಿ ಅಚ್ಚು ಹಾಕಿಸಿ ನಿಮ್ಮ ಶಾಲೆಗೆ ಕಳಿಸುತ್ತಿದ್ದೇವೆ. ಕ್ಲಾಸಿನಲ್ಲಿ ಗೋಡೆಗೆ ಹಾಕಿ, ಮಕ್ಕಳು ಏನು ಕೇಳಿದರು ಅಂತ ತಪ್ಪದೆ ಬರೆಯಿರಿ.

– ಸಂಪಾದಕ